ಕಲ್ಯಾಣ ಕರ್ನಾಟಕ: ಸಿರಿ ನೆಲದ್ದು, ಲೆಕ್ಕ ಯಾರದ್ದು?

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಡಿ ಚಿನ್ನವಿದೆ. ಕೋಲಾರದ ಗಣಿ 2001ರಲ್ಲಿ ಬಾಗಿಲು ಮುಚ್ಚಿದ ಮೇಲೆ ದೇಶದ ಗಣಿಗಳಿಂದ ಬರುವ ಚಿನ್ನದ ಬಹುಪಾಲು ಇಲ್ಲಿಯದೇ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಆ ಅದಿರು ಹಡಗು ಹತ್ತಿ ಚೀನಾದವರೆಗೆ ಹೋಗಿದ್ದನ್ನು ನಾಡೇ ನೋಡಿದೆ. ಕಲಬುರಗಿ ಜಿಲ್ಲೆಯ ಸೇಡಂ ಮತ್ತು ಚಿತ್ತಾಪುರದಲ್ಲಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತ ಇವತ್ತು ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಎದ್ದಿವೆ.

ಈಗ ಇನ್ನೊಂದು ಪಟ್ಟಿ ನೋಡೋಣ. ರಾಜ್ಯದ ಪ್ರಾದೇಶಿಕ ಅಸಮಾನತೆಯನ್ನು ಅಳೆಯಲು ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಆರೋಗ್ಯ, ಶಿಕ್ಷಣ ಎಂದು 35 ಅಳತೆಗೋಲುಗಳನ್ನಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ತೂಗಿ ನೋಡಿದ ಸಮಿತಿ, 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಆ ಪಟ್ಟಿಯಲ್ಲಿ ಚಿನ್ನದ ಲಿಂಗಸುಗೂರು ಇದೆ. ಅದಿರಿನ ಸಂಡೂರು ಇದೆ. ಸಿಮೆಂಟಿನ ಸೇಡಂ ಇದೆ, ಚಿತ್ತಾಪುರವೂ ಇದೆ. 39ರಲ್ಲಿ 21 ತಾಲ್ಲೂಕುಗಳು ಆಗಿನ ಗುಲಬರ್ಗಾ ವಿಭಾಗದವು, ಅಂದರೆ ಇವತ್ತಿನ ಕಲ್ಯಾಣ ಕರ್ನಾಟಕದವು. ಇಡೀ ವಿಭಾಗದಲ್ಲಿ ಇದ್ದದ್ದೇ 31 ತಾಲ್ಲೂಕು.

ನಾಡಿಗೆ ಚಿನ್ನ, ಉಕ್ಕು, ಸಿಮೆಂಟು ಕೊಡುವ ತಾಲ್ಲೂಕುಗಳೇ ನಾಡಿನ ಕಡೆಯ ಸಾಲಿನಲ್ಲಿ ಕುಳಿತಿವೆ ಎಂದರೆ ದೋಷ ನೆಲದ್ದಲ್ಲ. ಆ ನೆಲದ ಹೆಸರಿನಲ್ಲಿ ಅಧಿಕಾರ ಹಿಡಿದವರನ್ನು ಕೇಳಬೇಕಾದ ಪ್ರಶ್ನೆಯಿದು. ಅದನ್ನು ನಾವು ಸಾಕಷ್ಟು ಗಟ್ಟಿಯಾಗಿ ಕೇಳಿಲ್ಲ.

ಈ ಭಾಗದ ಹಿಂದುಳಿಯುವಿಕೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ. ಇದು ಬರದ ನಾಡು ಎನ್ನುವುದು ಒಂದು. ನಿಜಾಮನ ಆಳ್ವಿಕೆಯ ಫಲ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಎರಡನ್ನೂ ನಾಯಕರು ತಮ್ಮ ರಕ್ಷಣೆಗೆ ಬೇಲಿಯಾಗಿ ಬಳಸಿಕೊಂಡಿದ್ದಾರೆ.

ಮೊದಲು ಬರದ ಮಾತು. ಕೃಷ್ಣೆ ಮತ್ತು ತುಂಗಭದ್ರೆ ಎರಡೂ ಹರಿಯುವ ಜಿಲ್ಲೆ ರಾಯಚೂರು. ಎರಡು ಹೊಳೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ನೆಲ ಬರಡಾಗಿದ್ದರೆ 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ಅಷ್ಟು ದೊಡ್ಡ ದಂಡು ಕಟ್ಟಿಕೊಂಡು ಬರುತ್ತಿರಲಿಲ್ಲ. ಸಿಂಧನೂರು, ಗಂಗಾವತಿಯ ಭತ್ತ, ರಾಯಚೂರಿನ ಹತ್ತಿ, ಕಲಬುರಗಿಯ ತೊಗರಿ ಇವತ್ತಿಗೂ ದೊಡ್ಡ ಮಾರುಕಟ್ಟೆಗಳನ್ನು ನಡೆಸುತ್ತಿವೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ.

ಇಷ್ಟು ನೀರಿದ್ದೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು, ಅಂದರೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನವರು, ನೀರಿಗಾಗಿ ರಸ್ತೆಗಿಳಿಯುವುದು ಪ್ರತಿ ವರ್ಷದ ಮಾತಾಗಿದೆ. ಮೇಲಿನ ಭಾಗದಲ್ಲಿ ಅಕ್ರಮ ನೀರಾವರಿ, ಗೇಜ್ ಕಾಯುವವರಿಲ್ಲದ ಉಪಕಾಲುವೆಗಳು, ಹೂಳು ತುಂಬಿದ ಅಣೆಕಟ್ಟೆ ಇವೇ ಕಾರಣವೆಂಬುದು ಎಲ್ಲರಿಗೂ ಗೊತ್ತಿದೆ. ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಕಳೆದುಹೋದ ನೀರನ್ನು ಹಿಡಿಯಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ಸರ್ಕಾರದಿಂದ ಸರ್ಕಾರಕ್ಕೆ ದಾಟುತ್ತಲೇ ಇದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕಿತ್ತುಹೋಗಿ, ಕೂಡಿಟ್ಟ ನೀರು ನದಿಗೆ ಹರಿದಾಗ ಇಡೀ ರಾಜ್ಯ ಕಣ್ಣರಳಿಸಿ ನೋಡಿತು. ನಿರ್ವಹಣೆಯ ವಿಷಯದಲ್ಲಿ ಆ ಗೇಟು ಹೇಳಿದ ಸತ್ಯವನ್ನು ಕೊನೆ ಭಾಗದ ರೈತರು ದಶಕಗಳಿಂದ ಹೇಳುತ್ತಲೇ ಬಂದಿದ್ದರು.

ಇನ್ನು ನಿಜಾಮನ ಮಾತು. ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಇರಲಿಲ್ಲ, ಆಡಳಿತ ಉರ್ದುವಿನಲ್ಲಿತ್ತು, ದೇಶ ಸ್ವತಂತ್ರವಾದ ಮೇಲೂ ಈ ಜನ 13 ತಿಂಗಳು ರಜಾಕಾರರ ಹಾವಳಿಯಲ್ಲಿ ನರಳಿದರು, 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ಕಂಡರು. ಇದೆಲ್ಲ ಇತಿಹಾಸ, ಮರೆಯುವಂಥದ್ದಲ್ಲ. ಆದರೆ ನಿಜಾಮನ ಸಂಸ್ಥಾನದಲ್ಲಿ ನಾವೊಬ್ಬರೇ ಇರಲಿಲ್ಲ. ತೆಲಂಗಾಣವಿತ್ತು, ಮರಾಠವಾಡವಿತ್ತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಮೂರು ಭಾಗಗಳೂ ಮೂರು ಭಾಷಾ ರಾಜ್ಯಗಳಿಗೆ ಸೇರಿದವು. ಮರಾಠವಾಡಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಅವಕಾಶ ಅದೇ 1956ರಲ್ಲಿ ಸಂವಿಧಾನದ 371ನೇ ವಿಧಿಯಲ್ಲಿ ಬಂತು. ದೊಡ್ಡ ಚಳವಳಿಗಳ ನಂತರ ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯಿಂದ 371(ಡಿ) ಬಂದು, ತೆಲಂಗಾಣದವರಿಗೂ ಸ್ಥಳೀಯ ಮೀಸಲಾತಿಯ ಆಸರೆ ದೊರೆಯಿತು. ಕನ್ನಡದ ಭಾಗಕ್ಕೆ 371(ಜೆ) ಬಂದದ್ದು 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿ, 2013ರಲ್ಲಿ ಜಾರಿಗೆ ಬಂದಾಗ.

ಮರಾಠವಾಡಕ್ಕಿಂತ 56 ವರ್ಷ ತಡ, ತೆಲಂಗಾಣಕ್ಕಿಂತ ಸುಮಾರು 40 ವರ್ಷ ತಡ. ಒಬ್ಬನೇ ದೊರೆಯ ಕೆಳಗೆ ಬಾಳಿದ ಮೂವರಲ್ಲಿ ಕನ್ನಡಿಗರಿಗೆ ಮಾತ್ರ ಇಷ್ಟು ವಿಳಂಬ ಏಕಾಯಿತು? ಇದಕ್ಕೆ ನಿಜಾಮನನ್ನು ದೂರಲು ಬರುವುದಿಲ್ಲ. 1956ರ ನಂತರದ ನಮ್ಮ ಪ್ರತಿನಿಧಿಗಳೇ ಉತ್ತರ ಕೊಡಬೇಕು.

ಪ್ರತಿನಿಧಿಗಳ ಕೊರತೆ ಈ ಭಾಗಕ್ಕೆ ಎಂದೂ ಇರಲಿಲ್ಲ. ವೀರೇಂದ್ರ ಪಾಟೀಲರು 1968ರಲ್ಲಿ, ಮತ್ತೆ 1989ರಲ್ಲಿ ಮುಖ್ಯಮಂತ್ರಿಯಾದರು. ಎನ್. ಧರ್ಮಸಿಂಗ್ 2004ರಲ್ಲಿ ಆ ಕುರ್ಚಿಯಲ್ಲಿ ಕುಳಿತರು. ಮಲ್ಲಿಕಾರ್ಜುನ ಖರ್ಗೆ ಅವರು ಸೋಲಿಲ್ಲದೆ ಒಂಬತ್ತು ಬಾರಿ ಶಾಸಕರಾಗಿ, ರಾಜ್ಯದಲ್ಲಿ ಗೃಹ ಸಚಿವರಾಗಿ, ಕೇಂದ್ರದಲ್ಲಿ ಕಾರ್ಮಿಕ ಹಾಗೂ ರೈಲ್ವೆ ಸಚಿವರಾಗಿ, ಈಗ ದೇಶದ ಅತಿ ಹಳೆಯ ಪಕ್ಷದ ಅಧ್ಯಕ್ಷರಾಗಿದ್ದಾರೆ. ವಿಧಾನಸಭೆಯಲ್ಲಿ ಈ ಭಾಗದಿಂದ 41 ಶಾಸಕರಿದ್ದಾರೆ. ಬೆಂಗಳೂರಿನಲ್ಲಿ ಯಾವ ಸರ್ಕಾರ ರಚನೆಯಾದರೂ ಇವರನ್ನು ಬಿಟ್ಟು ಆಗಲಾರದು.

ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಲೇಬೇಕು. 371(ಜೆ) ದಕ್ಕುವಲ್ಲಿ ದೆಹಲಿಯಲ್ಲಿ ಖರ್ಗೆ ಮತ್ತು ಧರ್ಮಸಿಂಗ್ ಅವರ ಪಾತ್ರ ದೊಡ್ಡದು. ಕಲಬುರಗಿಯ ಇಎಸ್‌ಐ ವೈದ್ಯಕೀಯ ಕಾಲೇಜು, ಯಾದಗಿರಿ ಜಿಲ್ಲೆಯ ಕಡೇಚೂರಿನ ರೈಲ್ವೆ ಬೋಗಿ ಕಾರ್ಖಾನೆ ಅಧಿಕಾರವನ್ನು ಊರಿಗಾಗಿ ಬಳಸಿದ್ದರ ಕುರುಹುಗಳೇ. ಮೂರು ಅವಧಿಗಳ ಮುಖ್ಯಮಂತ್ರಿ ಪದವಿಯನ್ನು ಕೂಡಿಸಿದರೂ ಆರು ವರ್ಷ ಆಗುವುದಿಲ್ಲ ಎಂಬುದೂ ನಿಜ. ಪಕ್ಷದ ವರಿಷ್ಠರು, ಮೈತ್ರಿಯ ಲೆಕ್ಕಾಚಾರಗಳು ಯಾರನ್ನೂ ಪೂರ್ಣಾವಧಿ ಉಳಿಯಗೊಡಲಿಲ್ಲ.

ಆದರೂ ಕೊರತೆಯ ಮೂಲ ಅಧಿಕಾರದ ಅವಧಿಯಲ್ಲಿಲ್ಲ. ಈ ಭಾಗದ 41 ಶಾಸಕರು ಪಕ್ಷ ಮರೆತು ಒಂದೇ ಬೇಡಿಕೆಯ ಹಿಂದೆ ನಿಂತ ದಿನಗಳು ಬೆರಳೆಣಿಕೆಯಷ್ಟೂ ಇಲ್ಲ. ಕಾವೇರಿ ಎಂದರೆ ಮಂಡ್ಯ, ಮೈಸೂರಿನ ನಾಯಕರೆಲ್ಲ ಪಕ್ಷಭೇದ ಬಿಟ್ಟು ಒಂದಾಗುತ್ತಾರೆ. ನಮ್ಮಲ್ಲಿ ಹಾಗೆ ಆಗಿಲ್ಲ. ಮಂತ್ರಿಗಿರಿ ತಪ್ಪಿದಾಗ ನೆನಪಾಗುವ ‘ಹಿಂದುಳಿದ ಭಾಗ’ ಮಂತ್ರಿಗಿರಿ ಸಿಕ್ಕ ಮರುದಿನ ಮರೆತುಹೋಗುತ್ತದೆ. ಹಿಂದುಳಿದ ಹಣೆಪಟ್ಟಿಯನ್ನು ಸ್ವಂತ ಸ್ಥಾನಮಾನಕ್ಕೆ ಏಣಿಯಾಗಿ ಮಾಡಿಕೊಂಡದ್ದೇ ಈ ಭಾಗದ ನಾಯಕತ್ವದ ದೊಡ್ಡ ಸೋಲು.

ನಂಜುಂಡಪ್ಪ ವರದಿಯ ಕಥೆಯೇ ಇದಕ್ಕೆ ಸಾಕ್ಷಿ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಸಮಿತಿ 2002ರಲ್ಲೇ ಶಿಫಾರಸು ಮಾಡಿತ್ತು. ಯೋಜನೆ ಆರಂಭವಾದದ್ದು 2007–08ರಲ್ಲಿ. ಈ ನಡುವೆ ಕಲಬುರಗಿಯವರೇ ಮುಖ್ಯಮಂತ್ರಿಯಾಗಿ ಬಂದು ಹೋಗಿದ್ದರು. ಆರಂಭವಾದ ಮೇಲೂ ಘೋಷಿಸಿದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಮೂರೂ ಬೇರೆ ಬೇರೆಯಾಗಿಯೇ ಉಳಿದವು. ಮತ್ತೆ ಅಸಮಾನತೆ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಹೊಸ ಸಮಿತಿಯಾಯಿತು. ಅಳೆಯುವುದು ಬೇಕು. ಆದರೆ ಹಿಂದಿನ ಅಳತೆಯ ಮೇಲೆ ಏನು ಮಾಡಿದಿರಿ ಎಂದು ಕೇಳದೆ ಹೊಸ ಅಳತೆಗೆ ಕೈಹಾಕಿದರೆ ಪ್ರಯೋಜನವೇನು?

ಸ್ವಾತಂತ್ರ್ಯದ ಹೊತ್ತಿಗೆ ನಿಜಾಮನ ಸಂಸ್ಥಾನದಲ್ಲಿರದೆ ಮದ್ರಾಸ್ ಪ್ರಾಂತ್ಯದಲ್ಲಿದ್ದು, 1953ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಯ ಕಥೆ ಇನ್ನೂ ಕಹಿಯಾದದ್ದು. ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. ಆ ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ. ಎರಡು ದಶಕ ಕಾದ ಮೇಲೆ ಅಲ್ಲಿ ಖಾಸಗಿ ಕಾರ್ಖಾನೆ ಬಂತು. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾಗಿ ನಿಂತಾಗ ಇಡೀ ದೇಶದ ಕಣ್ಣು ಬಳ್ಳಾರಿಯ ಮೇಲಿತ್ತು. ಗೆದ್ದ ಸೋನಿಯಾ ಅವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು.

ಮುಂದಿನ ದಶಕದಲ್ಲಿ ಅದಿರಿನ ಬೆಲೆ ಏರಿತು, ಗಣಿಧಣಿಗಳು ಹುಟ್ಟಿಕೊಂಡರು. 2008ರ ಹೊತ್ತಿಗೆ ಗಣಿ ಮಾಲೀಕರೇ ಸಂಪುಟದಲ್ಲಿದ್ದರು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಅಂದಿನ ಮುಖ್ಯಮಂತ್ರಿ ಅಧಿಕಾರ ಬಿಟ್ಟರು. ಅದೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನ್ಯಾಯಾಲಯಕ್ಕೆ ಹೋದವರು ಯಾರು? ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ. ತಮ್ಮ ಕಣ್ಣೆದುರೇ ಗುಡ್ಡ ಕರಗಿ, ರಾಜ್ಯದ ಗಡಿಗಲ್ಲೇ ಮಾಯವಾದ ದೂರು ಬಂದಾಗಲೂ ಜಿಲ್ಲೆಯ ಚುನಾಯಿತ ಪ್ರತಿನಿಧಿಗಳಿಂದ ಅಂಥದೊಂದು ಕೆಲಸ ಆಗಲಿಲ್ಲ.

ಗಣಿಯಿಂದ ಹಾಳಾದ ಊರುಗಳನ್ನು ಸರಿಪಡಿಸಲು ನ್ಯಾಯಾಲಯವೇ ಅದಿರು ಮಾರಾಟದ ಹಣದಲ್ಲಿ ಪಾಲು ತೆಗೆದಿರಿಸಿತು. ಸಾವಿರಾರು ಕೋಟಿಯ ಆ ನಿಧಿ ಯೋಜನೆ ಅಂತಿಮವಾಗದೆ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕುಳಿತಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಬೇಕಾಯಿತು. ಹಣವಿದೆ, ಕೆಂಪು ಧೂಳು ಕುಡಿದ ಹಳ್ಳಿಗಳಿವೆ. ಎರಡನ್ನೂ ಜೋಡಿಸುವ ರಾಜಕೀಯ ಇಚ್ಛೆ ಮಾತ್ರ ನ್ಯಾಯಾಲಯದಿಂದ ಬರಬೇಕಾಯಿತು.

ರಾಯಚೂರಿನ ಶಕ್ತಿನಗರದಲ್ಲೂ ಇದೇ ಚಿತ್ರ. 1985ರಲ್ಲಿ ಮೊದಲ ಘಟಕ ಶುರುವಾದ ಅಲ್ಲಿಯ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ದಶಕಗಳ ಕಾಲ ರಾಜ್ಯಕ್ಕೆ, ಅದರಲ್ಲೂ ಬೆಂಗಳೂರಿಗೆ ಬೆಳಕು ಕೊಟ್ಟ ಕೇಂದ್ರವಿದು. ಅದರ ಪಕ್ಕದಲ್ಲೇ ಯರಮರಸ್‌ನಲ್ಲಿ 1,600 ಮೆಗಾವಾಟ್‌ನ ಇನ್ನೊಂದು ಕೇಂದ್ರ ಬಂತು. ಸುತ್ತಲಿನ ಹಳ್ಳಿಗಳ ಪಾಲಿಗೆ ಉಳಿದದ್ದು ಹಾರುಬೂದಿ. ಎರಡು ನದಿಗಳ ಮಧ್ಯದ ರಾಯಚೂರು ನಗರದಲ್ಲಿ 2022ರಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಸತ್ತರು. ಜಿಲ್ಲೆಯಲ್ಲಿ ಏಮ್ಸ್ ಆಗಬೇಕೆಂದು 2022ರ ಮೇ 13ರಂದು ಆರಂಭವಾದ ಧರಣಿ ಸಾವಿರ ದಿನ ದಾಟಿತು. ಈ ಭಾಗದವರು ಬಯಸಿದ್ದ ಐಐಟಿ 2016ರಲ್ಲಿ ಧಾರವಾಡದ ಪಾಲಾದ ನೋವು ಆ ಧರಣಿಯ ಹಿಂದಿದೆ. 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗಕ್ಕಾಗಿಯೂ ಜನ ಮನವಿ ಕೊಡುತ್ತಲೇ ಇದ್ದಾರೆ.

ಈ ಎಲ್ಲ ಘಟನೆಗಳಲ್ಲಿ ಒಂದು ಸಾಮ್ಯವಿದೆ. 371ನೇ ವಿಧಿಯ ತಿದ್ದುಪಡಿಗಾಗಿ ವೈಜನಾಥ ಪಾಟೀಲರಂಥ ಹೋರಾಟಗಾರರು ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. ಗಣಿ ಲೂಟಿಗೆ ತಡೆ ಬಿದ್ದದ್ದು ನಾಗರಿಕರ ಅರ್ಜಿಯಿಂದ. ಏಮ್ಸ್ ಬೇಡಿಕೆ ಜೀವಂತವಿರುವುದು ಧರಣಿ ಕುಳಿತವರಿಂದ. ಮೊದಲು ಜನ ಹೊರಟಿದ್ದಾರೆ, ನಾಯಕರು ಆಮೇಲೆ ಬಂದಿದ್ದಾರೆ. ಕೆಲವೊಮ್ಮೆ ಬಂದೇ ಇಲ್ಲ.

371(ಜೆ) ಬಂದ ಮೇಲೆ ಹಣವಿಲ್ಲ ಎಂಬ ನೆಪವೂ ಉಳಿದಿಲ್ಲ. ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಸ್ಥಳೀಯ ವೃಂದದ ನೌಕರಿಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ ಶೇ 85ರವರೆಗೆ ಮೀಸಲಾತಿ ಬಂತು. ಕೂಲಿಕಾರರ, ಸಣ್ಣ ರೈತರ ಮಕ್ಕಳು ವೈದ್ಯರಾದರು, ಎಂಜಿನಿಯರಾದರು. ಇದು ಈ ಭಾಗ ಕಂಡ ಅತಿ ದೊಡ್ಡ ಲಾಭ, ಅನುಮಾನವಿಲ್ಲ. ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿವೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. 2024ರ ಸೆಪ್ಟೆಂಬರ್ 17ರಂದು ಹತ್ತು ವರ್ಷಗಳ ನಂತರ ಕಲಬುರಗಿಯಲ್ಲಿ ಸಂಪುಟ ಸಭೆಯೂ ನಡೆಯಿತು.

ಆದರೆ ಫಲಿತಾಂಶ ನೋಡಿ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಶೇ 50.59ರೊಂದಿಗೆ ರಾಜ್ಯದ ಕಡೆಯ ಜಿಲ್ಲೆ. 2025ರಲ್ಲಿ ಕಡೆಯ ಜಿಲ್ಲೆ ಕಲಬುರಗಿ, ಶೇ 42.43. ಅದೇ ವರ್ಷ ಮೊದಲ ಸ್ಥಾನ ಪಡೆದ ದಕ್ಷಿಣ ಕನ್ನಡದ್ದು ಶೇ 91.12. ಸೀಟು ಮೀಸಲಾಗಿದ್ದರೂ ಹತ್ತನೆಯ ತರಗತಿಯನ್ನೇ ದಾಟದ ಮಗುವಿಗೆ ಅದರಿಂದ ಏನು ಬಂತು? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿತ್ತು, ರಾಯಚೂರಿನದು ಶೇ 60ರ ಹತ್ತಿರ. ಆಗ ರಾಜ್ಯದ ಸರಾಸರಿ ಶೇ 75 ದಾಟಿತ್ತು. ಕೇಂದ್ರ ಸರ್ಕಾರ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಅದರೊಳಗೆ ಹೋದವು ಎರಡೇ ಜಿಲ್ಲೆ: ರಾಯಚೂರು ಮತ್ತು ಯಾದಗಿರಿ.

ಹಣ ಹೋಗುತ್ತಿರುವುದು ಎಲ್ಲಿಗೆ? ಬಹುಪಾಲು ರಸ್ತೆ, ಕಟ್ಟಡ, ಸಮುದಾಯ ಭವನಗಳಿಗೆ. ಮಂಡಳಿಯ ಚುಕ್ಕಾಣಿ ಹಿಡಿದಿರುವವರು ರಾಜಕಾರಣಿಗಳೇ. ಕಾಮಗಾರಿಗಳ ಪಟ್ಟಿ ತಯಾರಾಗುವುದು ಶಾಸಕರ ಇಚ್ಛೆಯಂತೆ. ಕಟ್ಟಡಕ್ಕೆ ಟೆಂಡರು ಇರುತ್ತದೆ, ಗುತ್ತಿಗೆದಾರ ಇರುತ್ತಾನೆ, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಇರುತ್ತದೆ. ಒಬ್ಬ ಗಣಿತದ ಮೇಷ್ಟ್ರನ್ನು ದೇವದುರ್ಗದ ಹಳ್ಳಿ ಶಾಲೆಗೆ ನೇಮಿಸಿ, ಅವರು ಅಲ್ಲೇ ಉಳಿಯುವಂತೆ ನೋಡಿಕೊಳ್ಳುವುದರಲ್ಲಿ ಇದ್ಯಾವುದೂ ಇರುವುದಿಲ್ಲ. ಅದಕ್ಕೇ ಕೊಠಡಿಗಳು ಏಳುತ್ತವೆ, ಶಿಕ್ಷಕರ ಸಾವಿರಾರು ಹುದ್ದೆಗಳು ಖಾಲಿ ಬಿದ್ದಿರುತ್ತವೆ, ಅತಿಥಿ ಶಿಕ್ಷಕರ ಮೇಲೆ ಶಾಲೆಗಳು ನಡೆಯುತ್ತವೆ. ‘ಅಕ್ಷರ ಆವಿಷ್ಕಾರ’ ಎಂದು ಮಂಡಳಿ ಶಿಕ್ಷಣಕ್ಕೆ ಪ್ರತ್ಯೇಕವಾಗಿ ಹಣ ತೆಗೆದಿಡಲು ಶುರುಮಾಡಿರುವುದು ಒಳ್ಳೆಯ ಹೆಜ್ಜೆ. ಆದರೆ ಕಾಯಂ ಶಿಕ್ಷಕರಿಲ್ಲದೆ ಆ ಹಣವೂ ಗೋಡೆಗಳಿಗೇ ಹೋಗುವ ಅಪಾಯವಿದೆ.

ಈ ವೈಫಲ್ಯದ ನಿಜವಾದ ಬೆಲೆ ತೆರುವವರು ಗುಳೆ ಹೋಗುವವರು. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಸುರಪುರ, ಯಾದಗಿರಿಯ ಹಳ್ಳಿಗಳಿಂದ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿ, ಗೋವಾದ ಬಸ್ಸು ಹತ್ತುತ್ತಾರೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಬೆಂಗಳೂರಿನ ಬಹುಮಹಡಿ ಕಟ್ಟಡಕ್ಕೆ ಬೇಕಾದ ಸಿಮೆಂಟು ಸೇಡಂನದು, ಕಬ್ಬಿಣ ಬಳ್ಳಾರಿಯದು, ವಿದ್ಯುತ್ತು ರಾಯಚೂರಿನದು, ಕಲ್ಲು ಮಣ್ಣು ಹೊರುವ ಕೂಲಿಯೂ ಇದೇ ನೆಲದವನು. ಅವನ ಮಗು ಮಾತ್ರ ಆ ಹೊತ್ತಿಗೆ ಊರ ಶಾಲೆಯ ಹಾಜರಿಯಲ್ಲೂ ಇಲ್ಲ, ಬೆಂಗಳೂರಿನ ಶಾಲೆಯ ಹಾಜರಿಯಲ್ಲೂ ಇಲ್ಲ.

ಪ್ರತ್ಯೇಕ ರಾಜ್ಯವೇ ಇದಕ್ಕೆ ಪರಿಹಾರ ಎಂಬ ಕೂಗು ಆಗಾಗ ಏಳುತ್ತದೆ. ಆ ಕೂಗಿನ ಹಿಂದಿನ ನೋವು ನಿಜ, ಪರಿಹಾರ ಮಾತ್ರ ಸರಿಯಲ್ಲ. ಹೊಸ ರಾಜ್ಯವಾದರೂ ಆಳುವವರು ಇದೇ ನಾಯಕರು, ಪಟ್ಟಿ ಮಾಡುವವರು ಇದೇ ಶಾಸಕರು. ಲೆಕ್ಕ ಕೇಳುವ ಅಭ್ಯಾಸ ಬೆಳೆಯದಿದ್ದರೆ ರಾಜಧಾನಿ ಕಲಬುರಗಿಗೆ ಬಂದರೂ ದೇವದುರ್ಗ ದೂರವೇ ಉಳಿಯುತ್ತದೆ.

ಲೆಕ್ಕ ಕೇಳುವುದಕ್ಕೆ ದೊಡ್ಡ ಹೋರಾಟವೇನೂ ಬೇಕಿಲ್ಲ. ಮಂಡಳಿಯ ಹಣ ಯಾವ ತಾಲ್ಲೂಕಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು ಎಂಬುದನ್ನು ಪ್ರತಿ ವರ್ಷ ಸೆಪ್ಟೆಂಬರ್ 17ರ ಉತ್ಸವದ ದಿನವೇ ಜನರ ಮುಂದಿಡಲಿ. ಖಾಲಿ ಇರುವ ಶಿಕ್ಷಕ, ವೈದ್ಯ, ನರ್ಸ್ ಹುದ್ದೆಗಳನ್ನು ತುಂಬುವ ಗಡುವನ್ನು ಪ್ರತಿಯೊಬ್ಬ ಶಾಸಕರೂ ಬರೆದುಕೊಡಲಿ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿ ಇರುವುದೇ ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕಾಗಿ. ಅದರ ಕಾಮಗಾರಿ ಪಟ್ಟಿ ಆಯಾ ಗ್ರಾಮಸಭೆಯಿಂದ ಬರಲಿ. ಕೊನೆ ಭಾಗದ ಕಾಲುವೆಗೆ ಎಷ್ಟು ದಿನ ನೀರು ಹರಿಯಿತು ಎಂಬುದನ್ನು ಗೇಜಿನ ಅಳತೆಯೊಂದಿಗೆ ಪ್ರಕಟಿಸಲಿ.

2011ರ ಗಣತಿಯಂತೆ ಈ ಭಾಗದ ಜನಸಂಖ್ಯೆ 1.12 ಕೋಟಿ. ಇಷ್ಟು ಜನರ ಮತ ಪಡೆದವರು ಈವರೆಗೆ ಜಾತಿಯ ಹೆಸರಿನಲ್ಲಿ, ಮನೆತನದ ಹೆಸರಿನಲ್ಲಿ, ಹಿಂದುಳಿದ ಭಾಗದ ಹೆಸರಿನಲ್ಲಿ ಗೆದ್ದಿದ್ದಾರೆ. ಮುಂದಿನ ಚುನಾವಣೆಯಲ್ಲಿ ನಿಮ್ಮ ಬಾಗಿಲಿಗೆ ಬಂದವರನ್ನು ಒಂದೇ ಮಾತು ಕೇಳಿ: ಸ್ವಾಮಿ, ನಮ್ಮೂರ ಶಾಲೆಯಲ್ಲಿ ಎಷ್ಟು ಮೇಷ್ಟ್ರಿದ್ದಾರೆ, ಎಷ್ಟು ಜನ ಇರಬೇಕಿತ್ತು? ಉತ್ತರ ಗೊತ್ತಿಲ್ಲದವರಿಗೆ ನಿಮ್ಮ ಮತ ಕೊಡಬೇಡಿ.